ಕತ್ತರಿಸುವ ಯಂತ್ರವೂ ಜವರಯ್ಯನವರ ಹೆಸರೂ

ಜವರಯ್ಯನವರು ಆರಿಸಿಕೊಟ್ಟ ಎತ್ತು ಮುಗ್ಗರಿಸಿದ್ದನ್ನು ಕಾವೇರಿ ಹೊಳೆಯ ಈ ದಡದವರಾಗಲಿ ಆ ದಡದವರಾಗಲಿ ಕಂಡಿರಲಿಲ್ಲ. ಕುಶಾಲನಗರದ ಸುತ್ತಮುತ್ತ ಯಾರಾದರೂ ಎತ್ತಿನ ಜೋಡಿ ಕೊಳ್ಳಬೇಕೆಂದರೆ ಮೊದಲು ಅವರ ಜಗಲಿಗೆ ಬಂದು, ಎಲೆ ಅಡಿಕೆ ಇಟ್ಟು, ಅವರನ್ನು ಮುಂದಿಟ್ಟುಕೊಂಡೇ ಸಂತೆಗೆ ಹೋಗಬೇಕು. ಜವರಯ್ಯನವರು ಎತ್ತಿನ ಮುಂದೆ ನಿಂತರೆ ಮಾತಾಡುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನಿನ ಮೇಲೆ ಸುಳಿ ಹುಡುಕಿ, ಬಾಲ ಎಳೆದು, ಕಡೆಗೆ ಅಂಗೈಯಿಂದ ಡುಬ್ಬಕ್ಕೊಂದು ಪೆಟ್ಟು ಕೊಟ್ಟು "ಹೂಂ" ಅಂದರೆ ಮುಗಿಯಿತು, ವ್ಯಾಪಾರ ಕುದುರಿದಂತೆ. ಹಾಸನದ ಕಡೆಯಿಂದ ಬಂದು ಇಲ್ಲಿ ಬೇಸಾಯ ಹೂಡಿದ ಮನುಷ್ಯನಿಗೆ ಒಂದು ಹೂಂಕಾರದಿಂದಲೇ ಇಷ್ಟು ಮರ್ಯಾದೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಅದರಿಂದ ಒಂದು ತೊಂದರೆಯೂ ಆಯಿತು. ಲೋಕದಲ್ಲಿ ಆರಿಸಬೇಕಾದದ್ದನ್ನೆಲ್ಲ ತಾನೇ ಆರಿಸಬೇಕೆಂಬ ನಂಬಿಕೆ ಅವರಲ್ಲಿ ಬೇರೂರಿಬಿಟ್ಟಿತು. (ಹೆಂಡತಿ ಸಿದ್ದಮ್ಮನನ್ನೂ ತಾವೇ ಆರಿಸಿದ್ದೆಂದು ಹೇಳಿಕೊಳ್ಳುತ್ತಿದ್ದರು. ಸಿದ್ದಮ್ಮ ಅದಕ್ಕೆ ಎಂದೂ ಎದುರು ಹೇಳಿದವರಲ್ಲ. ಅಂಗಳ ಗುಡಿಸುತ್ತಿದ್ದರೆ ಪೊರಕೆಯ ಸದ್ದು ಒಂದಿಷ್ಟು ಜೋರಾಗುತ್ತಿತ್ತು, ಅಷ್ಟೆ.)

ಸಿದ್ದಮ್ಮನವರ ಕೈಯಲ್ಲಿದ್ದದ್ದು ಬೇರೆ ವಿದ್ಯೆ. ಬಣ್ಣದ ಕಾಗದವನ್ನು ಮಡಿಸಿ ಮಡಿಸಿ, ಕತ್ತರಿ ಆಡಿಸಿ, ಬಿಡಿಸಿ ಹಿಡಿದರೆ ಸಾಲುಸಾಲು ಗಿಳಿಗಳು ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತಿರುತ್ತಿದ್ದವು. ಊರಿನ ಮದುವೆಗಳ ಬಾಸಿಂಗ, ಚಪ್ಪರದ ತೋರಣ, ಆರತಿ ತಟ್ಟೆಯ ಹೂವು ಎಲ್ಲವೂ ಅವರ ಮನೆಯಿಂದಲೇ ಹೋಗಬೇಕು. ಆ ವರ್ಷ ಸ್ವಂತ ಮಗಳು ಯಮುನಳ ಮದುವೆಯೇ ನಿಶ್ಚಯವಾಯಿತು. ಗಂಡು ಅರಕಲಗೂಡಿನ ಕಡೆಯ ಸಣ್ಣಸ್ವಾಮಿಯವರ ಮಗ ಮಂಜುನಾಥ. ಬೀಗರ ಕಡೆಯವರು ತಲೆ ಎತ್ತಿ ನೋಡಿದರೆ ಮತ್ತೆ ತಲೆ ತಗ್ಗಿಸಬಾರದು, ಅಂಥ ತೋರಣ ಕಟ್ಟಬೇಕೆಂದು ಸಿದ್ದಮ್ಮ ಕತ್ತರಿ ಹಿಡಿದು ಕೂತರು. ಗಿಳಿಗಳಲ್ಲಿ ಅರ್ಧ ಮುಗಿಯುವ ಹೊತ್ತಿಗೆ ಅವರ ಹೆಬ್ಬೆರಳು ಗುಂಡು ಬದನೆಯಂತೆ ಬಾತುಕೊಂಡಿತು.

"ಮಡಿಕೇರೀಲಿ ಕಾಗ್ದ ಕತ್ತರಿಸೋ ಮಿಷನ್ ಸಿಗ್ತದಂತೆ," ಎಂದರು ಸಿದ್ದಮ್ಮ, ಬೆರಳಿಗೆ ಅರಿಸಿನ ಹಚ್ಚಿಕೊಳ್ಳುತ್ತ. "ಕೈಲೇ ಒತ್ತೋದು. ಹಲಗೆ ಮೇಲೆ ಕಾಗ್ದ ಇಟ್ಟು ಕತ್ತಿ ಇಳಿಸುದ್ರೆ ಸರ್ ಅಂತ ಸೀಳ್ತದಂತೆ. ಪಟ್ಟಿ ಸೀಳೋದು ಅದ್ರಲ್ಲಾದ್ರೆ, ಗಿಳಿ ಕತ್ತರಿಸೋಕೆ ಬೆರಳು ಉಳ್ಕೊತದೆ."

ಜವರಯ್ಯನವರಿಗೆ ಹೆಂಡತಿಯ ಬೆರಳು ನೋಡಿ ನಿಜವಾಗಿಯೂ ಕರುಳು ಚುರುಕ್ ಎಂದಿತು. ಅದರ ಹಿಂದೆಯೇ, ಇದುವರೆಗೆ ತಾವು ಆರಿಸದೆ ಬಿಟ್ಟಿದ್ದ ಒಂದು ವಸ್ತು ಲೋಕದಲ್ಲಿ ಉಳಿದಿದೆಯೆಂಬ ಉತ್ಸಾಹವೂ ಬಂತು. "ನಾಳೇನೇ ಹೋಗಾನ," ಎಂದರು. "ನೀನೂ ಬಾ. ಆದ್ರೆ ಅಂಗ್ಡೀಲಿ ಬಾಯಿ ಹಾಕ್ಬೇಡ."

ಮರುದಿನ ಮಡಿಕೇರಿಯ ಪೇಟೆಯಲ್ಲಿ ಕಾಗದ, ಶಾಯಿ ಮಾರುವ ಸಾಹೇಬರೊಬ್ಬರ ಅಂಗಡಿಯ ಮುಂದೆ ಇಬ್ಬರೂ ನಿಂತರು. ಸಾಹೇಬರು ವಿಷಯ ಕೇಳಿ ಮೊದಲು ಒಂದು ಪುಟ್ಟ ಯಂತ್ರ ತಂದಿಟ್ಟರು. ಕಬ್ಬಿಣದ ಸರಳಿನ ಮೇಲೆ ಹರಿತವಾದ ಚಕ್ರವೊಂದು ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು. ಫೋಟೋ ತೆಗೆಯುವವರು ಫೋಟೋದ ಅಂಚು ಸವರಲು ಇದನ್ನೇ ಒಯ್ಯುತ್ತಾರೆಂದರು.

"ಇದು ಕರು," ಎಂದರು ಜವರಯ್ಯ. "ಇನ್ನೂ ಹಾಲು ಬಿಟ್ಟಿಲ್ಲ. ತೆಗೀರಿ."

ಎರಡನೆಯದು ಮರದ ಹಲಗೆ. ಅದರ ಒಂದು ಬದಿಗೆ ಉದ್ದನೆಯ ಕತ್ತಿ, ಕತ್ತಿಯ ತುದಿಯಲ್ಲಿ ಹಿಡಿ. ಸಿದ್ದಮ್ಮ ಬಾಯಿ ಹಾಕಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ತೆಳು ಕಾಗದದ ಮಡಿಕೆಯನ್ನು ತೆಗೆದು, ಹಲಗೆಯ ಮೇಲಿಟ್ಟು, ಅಂಗೈಯಿಂದ ಹಿಡಿಯನ್ನು ಒತ್ತಿದರು. ಸರ್ ಎಂದಿತು. ಕಾಗದ ನೂಲು ಹಿಡಿದಂತೆ ಸೀಳಿತ್ತು. ಬಾತ ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ. ಅವರ ಮುಖ ಅರಳಿತು.

"ಇದೇ ಸಾಕು," ಎಂದರು.

ಜವರಯ್ಯನವರು ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. "ಕಾಲು ಅದುರ್ತದೆ. ಮೈಯಲ್ಲಿ ಕಸುವಿಲ್ಲ. ಎರಡು ಉಳುಮೆಗೆ ಮಲಗ್ತದೆ."

"ಇದ್ರಲ್ಲಿ ಯಾರು ಉಳೋರು?"

"ನಿಂಗೆ ತಿಳಿಯಾಕಿಲ್ಲ ಸುಮ್ಕಿರು. ಸಾಹೇಬ್ರೇ, ಅಗೋ ಆ ಮೂಲೇಲಿ ಗೋಣಿ ಹೊದ್ಕೊಂಡು ನಿಂತಿರೋದೇನು?"

ಗೋಣಿ ಸರಿದಾಗ ಜವರಯ್ಯನವರ ಉಸಿರು ಒಂದು ಗಳಿಗೆ ನಿಂತಿತು. ಯಾವುದೋ ಮುಚ್ಚಿಹೋದ ಮುದ್ರಣಾಲಯದಿಂದ ಬಂದ ಯಂತ್ರವದು. ಎರಕದ ಕಬ್ಬಿಣದ ಮೈ, ಕಾಗದವನ್ನು ಅದುಮಿ ಹಿಡಿಯಲು ಮೇಲೊಂದು ತಿರುಗಣೆ ಚಕ್ರ, ಪಕ್ಕದಲ್ಲಿ ನೊಗದಷ್ಟು ದಪ್ಪದ ಹಿಡಿ. ಅವರು ಅದರ ಸುತ್ತ ಮೌನವಾಗಿ ಸುತ್ತು ಬಂದರು. ಬಗ್ಗಿ ಕತ್ತಿಯ ಬಾಯಿ ನೋಡಿದರು. ಬೆನ್ನಿನ ಎರಕದ ಮೇಲೆ ಕೈಯಾಡಿಸಿ ಕೆಟ್ಟ ಸುಳಿ ಇಲ್ಲವೆಂದು ಖಚಿತ ಮಾಡಿಕೊಂಡರು. ಹಿಡಿಯನ್ನು ಎಳೆದು ಬಿಟ್ಟರು. ಕೊನೆಗೆ ಅಂಗೈಯಿಂದ ಅದರ ನೆತ್ತಿಗೊಂದು ಪೆಟ್ಟು ಕೊಟ್ಟರು.

"ಹೂಂ," ಎಂದರು.

ಸಿದ್ದಮ್ಮ ಕಣ್ಣು ಮುಚ್ಚಿಕೊಂಡರು. "ಅಂದೇಬಿಟ್ರಾ?"

"ಗೌಡ್ರೇ," ಎಂದರು ಸಾಹೇಬರು, ಅಂಗಡಿಯವರಾದರೂ ಮನಸ್ಸಾಕ್ಷಿ ಇದ್ದವರು, "ಅದು ಪ್ರೆಸ್ಸಿನೋರಿಗೆ ಸರಿ, ಪುಸ್ತಕದ ದಪ್ಪ ಕಟ್ಟು ಕತ್ತರಿಸೋಕೆ. ನಿಮ್ ಮನೆ ಕೆಲ್ಸಕ್ಕೆ ಅಮ್ಮ ಹೇಳಿದ್ದೇ ಒಳ್ಳೇದು."

"ಸಾಹೇಬ್ರೇ, ಮಾರೋನ ಮಾತು ಕೇಳ್ಕೊಂಡು ಎತ್ತು ತಂದೋನು ಯಾವನೂ ಉದ್ಧಾರ ಆಗಿಲ್ಲ."

ಸಾಹೇಬರು ಸಿದ್ದಮ್ಮನವರ ಕಡೆ ನೋಡಿದರು. ಸಿದ್ದಮ್ಮ ಸೀಳಿದ ಕಾಗದವನ್ನು ಮಡಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಯಂತ್ರವನ್ನು ಬಸ್ಸಿನ ನೆತ್ತಿಗೇರಿಸಲು ನಿಲ್ದಾಣದಲ್ಲಿದ್ದ ಗಂಡಸರೆಲ್ಲ ಕೈ ಕೊಡಬೇಕಾಯಿತು. ಬಸ್ಸು ಘಟ್ಟ ಇಳಿಯುವಾಗ ತಿರುವು ತಿರುವಿಗೂ ನರಳಿತು. ಕುಶಾಲನಗರದಿಂದ ಗಾಡಿಯ ಮೇಲೆ ಮನೆಗೆ ಬಂದು, ಜಗಲಿಯ ಅಂಚನ್ನು ಒಡೆದು, ಹೊಸ್ತಿಲು ದಾಟಿ ನಡುಮನೆಯ ಮಧ್ಯಕ್ಕೆ ಬಂದ ಯಂತ್ರ ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಡುಗೆಮನೆಗೆ ಹೋಗುವವರು ಅದಕ್ಕೆ ಪ್ರದಕ್ಷಿಣೆ ಹಾಕಿಯೇ ಹೋಗಬೇಕಾಯಿತು. ಊರಿನವರು ಬಂದು ಬಂದು ನೋಡಿ ಕೈ ಮುಗಿಯದೆ ಹೋದದ್ದೇ ಹೆಚ್ಚು.

ಆದರೆ ಕಸುವಿರುವ ಪ್ರಾಣಿಗೆ ಸೂಕ್ಷ್ಮ ತಿಳಿಯುವುದಿಲ್ಲ. ಸಿದ್ದಮ್ಮನವರ ತೆಳು ಕಾಗದವನ್ನು ಅದರ ಬಾಯಿಗಿಟ್ಟರೆ ಅದು ಕತ್ತರಿಸಲಿಲ್ಲ, ಜಗಿಯಿತು. ಗಿಳಿಗಳ ತಲೆ ಒಂದು ಕಡೆ, ರೆಕ್ಕೆ ಒಂದು ಕಡೆ ಆದವು. ಹಿಡಿಯನ್ನು ಕೆಳಗಿಳಿಸಲು ಸಿದ್ದಮ್ಮ ಜೋತುಬಿದ್ದರೂ ಅದು ಮಿಸುಕಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಹಳೆಯ ಕತ್ತರಿ ಹಿಡಿದು, ಗೋಡೆಗೆ ಒರಗಿ ಕೂತರು.

ಕಚ್, ಕಚ್, ಕಚ್. ಆ ಸದ್ದು ಜವರಯ್ಯನವರ ಎದೆಗೆ ತಾಗುತ್ತಿತ್ತು. ಬೈದಿದ್ದರೆ ಎದುರು ಬೈದು ಹಗುರಾಗುತ್ತಿದ್ದರು. ಈ ಮೌನಕ್ಕೆ ಉತ್ತರ ಕೊಡಬೇಕಾದರೆ ಯಂತ್ರ ಏನಾದರೂ ಮಾಡಿ ತೋರಿಸಬೇಕು. ಅವರು ಬಾಳೆಎಲೆಯ ತುದಿ ಕತ್ತರಿಸಿದರು, ಹಳೆಯ ಪಂಚಾಂಗದ ಅಂಚು ಕತ್ತರಿಸಿದರು, ಒಂದು ಹೊರೆ ಹುಲ್ಲು ಕತ್ತರಿಸಿದರು.

"ಹುಲ್ಲು ಎಷ್ಟು ಚೆಂದಾಗಿ ಕತ್ತರಿಸ್ತದೆ ನೋಡೇ," ಎಂದರು.

"ಹಂಗಾದ್ರೆ ಕೊಟ್ಟಿಗೆಗೆ ಸಾಗ್ಸಿ," ಎಂದರು ಸಿದ್ದಮ್ಮ, ತಲೆ ಎತ್ತದೆ.

ಆ ಮಾತು ನಾಟಿತು. ಅಂದೇ ಜವರಯ್ಯನವರ ಕಣ್ಣು ಲಗ್ನಪತ್ರಿಕೆಗಳ ಮೇಲೆ ಬಿತ್ತು. ಊರಿನವರಿಗೆ ಕೈಯಾರೆ ಕೊಡಬೇಕಾದವನ್ನು ಅವರು ಆಗಲೇ ಕೊಟ್ಟು ಮುಗಿಸಿದ್ದರು. ಹೊಳೆಯಾಚೆಯ ನೆಂಟರಿಗೆ, ಬೀಗರಿಗೆ ಅಂಚೆಯಲ್ಲಿ ಹೋಗಬೇಕಾದ ಒಂದು ಕಟ್ಟು ಉಳಿದಿತ್ತು. ದಪ್ಪ ಕಾಗದ. ಅಚ್ಚಿನವರು ಒಂದಕ್ಕೊಂದು ಸಮ ಇಲ್ಲದಂತೆ ಕತ್ತರಿಸಿದ್ದರು. ಇದಕ್ಕೇ ಹುಟ್ಟಿದ ಯಂತ್ರ! ಪತ್ರಿಕೆಯ ಕೆಳಗೆ ಕರೆಯುವವರ ಹೆಸರುಗಳಿದ್ದವು. ಎಡಕ್ಕೆ 'ಶ್ರೀಮತಿ ಸಿದ್ದಮ್ಮ', ಬಲಕ್ಕೆ 'ಶ್ರೀ ಜವರಯ್ಯ'. ಹೀಗೆ ಹಸೆಯ ಮೇಲೆ ಕೂತಂತೆ ಎರಡು ಹೆಸರು ಹಾಕುವುದು ಹೊಸ ಕ್ರಮವೆಂದು ಅಚ್ಚಿನವರೇ ಹೇಳಿ ಹಾಕಿದ್ದು. ಜವರಯ್ಯನವರು ಇಡೀ ಕಟ್ಟನ್ನು ಯಂತ್ರದೊಳಗಿಟ್ಟು, ಮೇಲಿನ ಚಕ್ರವನ್ನು ಅರೆಬರೆ ತಿರುಗಿಸಿ, ಉಸಿರು ಹಿಡಿದು ಹಿಡಿಯನ್ನು ಎಳೆದರು.

ಯಂತ್ರ ಬೆಣ್ಣೆ ಕತ್ತರಿಸಿದಂತೆ ಕತ್ತರಿಸಿತು. ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಜವರಯ್ಯನವರು ಅಂಚನ್ನು ಬೆರಳಿನಿಂದ ಸವರಿ ಆನಂದಪಟ್ಟರು. (ಅಂಚನ್ನು ನೋಡುವವನು ಅಕ್ಷರವನ್ನು ನೋಡುವುದಿಲ್ಲ, ಇದು ಲೋಕದ ನಿಯಮ.) ವಿಳಾಸ ಬರೆದಿಟ್ಟಿದ್ದ ಲಕೋಟೆಗಳಿಗೆ ಪತ್ರಿಕೆಗಳನ್ನು ತುಂಬಿ, ಸ್ವತಃ ನಡೆದುಹೋಗಿ ಅಂಚೆಗೆ ಹಾಕಿ ಬಂದರು. ಆ ಸಂಜೆ ಅವರು ಎರಡು ಮುದ್ದೆ ಹೆಚ್ಚು ಉಂಡರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಜವರಯ್ಯನವರ ಅಕ್ಕ ಕಾಳಮ್ಮ ಅರಕಲಗೂಡಿನಿಂದ ಬಂದರು. ಬಂದರೆನ್ನುವುದಕ್ಕಿಂತ, ಮೊದಲು ಅವರ ಗೋಳಾಟ ಬಂತು, ಹಿಂದಿನಿಂದ ಅವರು ಬಂದರು.

"ಅಯ್ಯೋ ನನ್ ತಮ್ಮನೇ! ನನ್ ಬಂಗಾರ್ದಂಥ ಜವರಾ! ಮಗಳ ಧಾರೆ ಎರೆಯೋ ಮೊದ್ಲೇ ಹೋಗ್ಬಿಟ್ಯಲ್ಲೋ!" ಎಂದು ಚಪ್ಪರದ ಕಂಬ ಹಿಡಿದು ಕುಸಿದು ಕೂತರು. ಓಡಿಬಂದ ಸಿದ್ದಮ್ಮನನ್ನು ಕಂಡೊಡನೆ ದುಃಖ ಸಿಟ್ಟಿಗೆ ತಿರುಗಿತು. "ಏನೇ ಸಿದ್ದೀ, ಒಡಹುಟ್ಟಿದೋಳು ನಾನೊಬ್ಳು ಬದುಕಿಲ್ವೇನೇ? ಒಂದು ಮಾತು ಹೇಳಿ ಕಳಿಸ್ಬಾರ್ದಾಗಿತ್ತಾ? ಮಣ್ಣು ಹಾಕೋಕೂ ಕರೀಲಿಲ್ವಲ್ಲೇ!"

ಅಕ್ಕನಿಗೆ ಏನೋ ಆಗಿದೆಯೆಂದು ಜವರಯ್ಯ ಗಾಬರಿಯಿಂದ ಒಂದು ಲೋಟ ನೀರು ತಂದು ಮುಂದೆ ಹಿಡಿದರು. ಕಾಳಮ್ಮ ತಲೆ ಎತ್ತದೆ ಲೋಟ ತೆಗೆದುಕೊಂಡು, ನೀರು ಕುಡಿದು, ಖಾಲಿ ಲೋಟವನ್ನು ಅದೇ ಕೈಗೆ ಕೊಟ್ಟು, ಮತ್ತೆ "ಅಯ್ಯೋ ಜವರಾ" ಎಂದು ಮುಂದುವರಿಸಿದರು.

"ಅಕ್ಕಾ, ನಾನು ಕಣಕ್ಕ."

ಕಾಳಮ್ಮ ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬದುಕಿದ್ದೀಯೇನ್ಲಾ? ಬಸ್ಸಿನ ತುಂಬ ಜನಾನೆಲ್ಲ ಅಳಿಸ್ಕೊಂಡು ಬಂದಿದೀನಲ್ಲೋ ನಿನ್ ಮನೆ ಹಾಳಾಗ!" ಎಂದು ಅವರ ಬೆನ್ನಿಗೆ ಗುದ್ದಿದರು. ಅವರ ಮಡಿಲಿನಿಂದ ಲಗ್ನಪತ್ರಿಕೆ ಕೆಳಗೆ ಬಿತ್ತು. ಪಕ್ಕದ ಮನೆಯ ಮೇಷ್ಟ್ರು ಓದಿ ಹೇಳಿದ್ದರಂತೆ, ಕರೆದಿರುವವಳು ಸಿದ್ದಮ್ಮ ಒಬ್ಬಳೇ ಎಂದು. ಗಂಡ ಇರುವವಳು ಹಾಗೆ ಕರೆಯುತ್ತಾಳೆಯೇ? ವೀಳ್ಯಶಾಸ್ತ್ರ ಮುಗಿದ ಮೇಲೆ ಹೋಗಿಬಿಟ್ಟಿರಬೇಕು ಎಂದು ಅಲ್ಲಿಯ ಕೇರಿಯೆಲ್ಲ ತೀರ್ಮಾನ ಮಾಡಿತ್ತು.

ಯಮುನ ಪತ್ರಿಕೆಯನ್ನು ಎತ್ತಿಕೊಂಡು ನೋಡಿದಳು. ಮೇಲೆ ದೇವರ ಹೆಸರಿತ್ತು, ಮುಹೂರ್ತವಿತ್ತು, ಅವಳ ಹೆಸರೂ ಮಂಜುನಾಥನ ಹೆಸರೂ ಇದ್ದವು. ಕೆಳಗೆ ಎಡಕ್ಕೆ ಅವ್ವನಿದ್ದಳು. ಬಲಕ್ಕೆ ಅಪ್ಪ ಇರಬೇಕಾದ ಜಾಗವೇ ಇರಲಿಲ್ಲ. ಕಟ್ಟು ಓರೆಯಾಗಿ ಜಾರಿ, ಆ ಮೂಲೆಯನ್ನು ಕತ್ತಿ ತೆಗೆದುಕೊಂಡು ಹೋಗಿತ್ತು.

"ಅಪ್ಪಯ್ಯ," ಎಂದಳು ಮೆಲ್ಲಗೆ, "ನಿಮ್ಮನ್ನ ನೀವೇ ಕತ್ತರಿಸ್ಕೊಂಡಿದೀರ."

ಆಗ ಕೊಡಗು ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ಸೇತುವೆ ದಾಟಿದರೆ ಮೈಸೂರು. ಹೀಗಾಗಿ ಜವರಯ್ಯನವರು ಸ್ವಂತ ರಾಜ್ಯದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ಪರರಾಜ್ಯದಲ್ಲಿ ಕಾಲವಾಗಿದ್ದರು. ಅದಕ್ಕಿಂತ ಭಯಂಕರವಾದ ಯೋಚನೆಯೊಂದು ಸಿದ್ದಮ್ಮನವರಿಗೆ ಹೊಳೆಯಿತು. ಅಂಥದೇ ಪತ್ರಿಕೆ ಬೀಗರಿಗೂ ಹೋಗಿದೆ. ಸಾವಾದ ಮನೆಯ ಸೂತಕದಲ್ಲಿ ಯಾರು ಹೆಣ್ಣು ತಂದುಕೊಳ್ಳುತ್ತಾರೆ? ಹೇಳಿ ಕಳಿಸೋಣವೆಂದರೆ ಆ ಕಡೆಯ ಕೊನೆಯ ಬಸ್ಸು ಆಗಲೇ ಹೊರಟುಹೋಗಿತ್ತು.

"ಅವ್ರು ಬರ್ದೇ ಹೋದ್ರೆ?" ಎಂದರು ಗಂಡನ ಕಡೆ ನೋಡಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜವರಯ್ಯನವರು ಅಲ್ಲಿ ನಿಲ್ಲಲಾರದೆ ಹೋದರು. ಹೋಗಿ ನಡುಮನೆಯಲ್ಲಿ ಯಂತ್ರದ ಪಕ್ಕ ಕೂತುಕೊಂಡರು. ಮಗಳ ಮದುವೆಯನ್ನು ಸ್ವಂತ ತೋಳಿನ ಬಲದಿಂದ ಕತ್ತರಿಸಿಹಾಕಿದ ಅಪ್ಪ ಬೇರೆ ಯಾರಾದರೂ ಇದ್ದಾನೆಯೇ ಎಂದು ಯೋಚಿಸಿದರು. ಯಾರೂ ನೆನಪಿಗೆ ಬರಲಿಲ್ಲ.

ಬೆಳಿಗ್ಗೆ ಚಪ್ಪರದ ತುಂಬ ಜನ. ಮೇಲೆ ಸಿದ್ದಮ್ಮನವರ ಗಿಳಿಗಳು ಗಾಳಿಗೆ ಅಲುಗುತ್ತಿದ್ದವು. ಮುಹೂರ್ತ ಹತ್ತಿರವಾಗುತ್ತಿದ್ದರೂ ಗಂಡಿನ ಕಡೆಯವರ ಸುಳಿವಿಲ್ಲ. ಕಡೆಗೆ ಸುದ್ದಿ ಬಂತು. ಅವರ ಬಸ್ಸು ಸೇತುವೆಯ ಆಚೆಗೇ ನಿಂತಿದೆ, ಸಣ್ಣಸ್ವಾಮಿಯವರು ಒಬ್ಬರೇ ನಡೆದು ಬರುತ್ತಿದ್ದಾರೆ.

ಜವರಯ್ಯನವರು ಹೊಸ ಪೇಟ ಸುತ್ತಿಕೊಂಡು, ಜೀವಂತವಾಗಿರುವುದು ದೂರದಿಂದಲೇ ಕಾಣಲೆಂದು ಎದೆಯುಬ್ಬಿಸಿ ಚಪ್ಪರದ ಬಾಗಿಲಲ್ಲಿ ನಿಂತರು. ಸಣ್ಣಸ್ವಾಮಿ ಹತ್ತಿರ ಬಂದು, ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ದೀರ್ಘ ಉಸಿರು ಬಿಟ್ಟರು. ಆಮೇಲೆ ಹುಬ್ಬು ಗಂಟಿಕ್ಕಿತು.

"ಬದುಕಿದ್ದೀರಿ. ಸಂತೋಷ. ಹಂಗಾದ್ರೆ ಇದೇನು ಬೀಗ್ರೇ?" ಎಂದು ಪತ್ರಿಕೆ ಎತ್ತಿ ಹಿಡಿದರು. "ಮೂರು ದಿನದಿಂದ ನಮ್ಮನೇಲಿ ಒಲೆ ಸರಿಯಾಗಿ ಉರಿದಿಲ್ಲ. ಶುಭಕಾರ್ಯಕ್ಕೆ ಸಾವಿನ ಓಲೆ ಕಳಿಸ್ತಾರಾ? ನಮ್ಮನ್ನೇನು ಆಟಕ್ಕೆ ಹಿಡ್ಕೊಂಡಿದೀರಾ? ಸರಿಯಾಗಿ ಹೇಳಿ, ಇಲ್ದಿದ್ರೆ ಬಸ್ಸು ಹಂಗೇ ತಿರುಗ್ತದೆ."

ಎತ್ತಿನ ಸಲಹೆಗೆ ಬರುತ್ತಿದ್ದವರೆಲ್ಲ ಚಪ್ಪರದಲ್ಲೇ ಕೂತಿದ್ದರು. ನಾನು ಆರಿಸಿ ತಂದ ಯಂತ್ರ ನನ್ನ ಹೆಸರನ್ನೇ ಕತ್ತರಿಸಿತು ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಜವರಯ್ಯನವರು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದರು. ಬಟ್ಟೆ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಸಿದ್ದಮ್ಮನೂ ಅವರನ್ನೇ ನೋಡುತ್ತಿದ್ದರು, ಎಲ್ಲರಂತೆ, ಉತ್ತರಕ್ಕಾಗಿ.

"ಕಾಲ ಬದಲಾಗೈತೆ ಬೀಗ್ರೇ," ಎಂದರು ಜವರಯ್ಯ. ಪೇಟ ಸರಿಮಾಡಿಕೊಂಡರು. "ಈಗ ಹೆಂಗಸ್ರೂ ಓಟು ಹಾಕ್ತಾರೆ. ಈ ಮನೆ ನಡ್ಸೋಳು ಅವ್ಳು. ಮಗಳನ್ನ ಹೆತ್ತು ಸಾಕಿದೋಳು ಅವ್ಳು. ಕರೆಯೋದೂ ಅವಳ ಹೆಸ್ರಲ್ಲೇ ಇರ್ಲಿ ಅಂತ, ನನ್ ಹೆಸ್ರು ನಾನೇ ತೆಗೆದೆ." (ಈ ಕೊನೆಯ ಮಾತು ಮಾತ್ರ ಅಪ್ಪಟ ಸತ್ಯ.)

ಸಣ್ಣಸ್ವಾಮಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದರು. "ಮತ್ತೆ ಇಲ್ಲೊಂದು 'ಶ್ರೀ' ಉಳ್ಕೊಂಡೈತಲ್ಲ?"

"ಅದು... ದೇವ್ರದ್ದು. ಶುಭಕಾರ್ಯ ನೋಡಿ, ಕೊನೇಲೂ ಒಂದು ಶ್ರೀಕಾರ ಇರ್ಲಿ ಅಂತ."

ಸಣ್ಣಸ್ವಾಮಿ ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟರು. "ಅಂದ್ರೆ ಈ ಮನೇಲಿ ಅಮ್ಮಾವ್ರೇ ಯಜಮಾನ್ರು ಅನ್ನಿ."

ಸೇತುವೆಯಾಚೆ ನಿಂತ ಬಸ್ಸು ಜವರಯ್ಯನವರ ಕಣ್ಣ ಮುಂದೆ ಬಂತು. "ಹೌದು," ಎಂದರು.

"ದೊಡ್ಡ ಮನಸ್ಸು ಬೀಗ್ರೇ ನಿಮ್ದು!" ಎಂದು ಸಣ್ಣಸ್ವಾಮಿ ಅವರನ್ನು ತಬ್ಬಿಕೊಂಡರು. ವಾಲಗ ಮೊಳಗಿತು. ಬಸ್ಸು ಸೇತುವೆ ದಾಟಿತು.

ಆದರೆ ಸಣ್ಣಸ್ವಾಮಿಯವರು ಕೇಳಿದ ಮಾತನ್ನು ನಂಬಿ ನಡೆಯುವ ಮನುಷ್ಯ. ಅಂದು ಅವರು ಜವರಯ್ಯನವರನ್ನು ಮತ್ತೆ ಏನೂ ಕೇಳಲಿಲ್ಲ. ಹಸೆ ಯಾವ ದಿಕ್ಕಿಗೆ ಹಾಕುವುದು, ಮೊದಲ ಪಂಕ್ತಿಗೆ ಯಾರು ಕೂರುವುದು, ತಾಂಬೂಲ ಯಾರಿಗೆ ಮುಂದು, ಎಲ್ಲಕ್ಕೂ "ಯಜಮಾನ್ರನ್ನ ಕೇಳಿ" ಎಂದು ಸಿದ್ದಮ್ಮನವರ ಕಡೆ ಕೈ ತೋರಿಸಿದರು. ಜವರಯ್ಯ ನಡುವೆ ಬಂದು "ಹಂಗಲ್ಲ, ಹಸೇನ..." ಎಂದರೆ ಕಾಳಮ್ಮನೇ "ಸುಮ್ಕಿರ್ಲಾ, ಯಜಮಾನ್ತಿ ಹೇಳ್ಲಿ" ಎಂದು ಗದರಿದರು. ಸಿದ್ದಮ್ಮ ಮೊದಮೊದಲು ಸಂಕೋಚದಿಂದ, ಆಮೇಲೆ ಸಾವಧಾನದಿಂದ, ಒಂದೊಂದಕ್ಕೂ ಅಪ್ಪಣೆ ಕೊಟ್ಟರು. ಧಾರೆ ಮುಗಿಯುವ ಹೊತ್ತಿಗೆ ಅವರ ಮುಖದ ಮೇಲೆ ಹುಟ್ಟಿದಾಗಿನಿಂದ ಇದ್ದಂಥ ಗಾಂಭೀರ್ಯ ಬಂದಿತ್ತು.

ಊಟವಾದ ಮೇಲೆ ಎರಡೂ ಕಡೆಯ ಹಿರಿಯರು ಕೂತಾಗ ಸಿದ್ದಮ್ಮ ಬಾಯಿ ತೆರೆದರು. "ಬೀಗ್ರೇ, ಒಂದು ಮಾತು. ಮಗಳನ್ನ ವರ್ಷ ತುಂಬೋ ತಂಕ ತೌರಿಗೆ ಕಳ್ಸಲ್ಲ ಅಂತ ವೀಳ್ಯಶಾಸ್ತ್ರದ ದಿನ ನೀವು ಅಂದ್ರಿ, ಇವ್ರು ಒಪ್ಕೊಂಡ್ರು. ನನ್ನನ್ನ ಯಾರೂ ಕೇಳ್ಲಿಲ್ಲ. ಗೌರಿ ಹಬ್ಬಕ್ಕೆ ನನ್ ಮಗಳು ಈ ಮನೆ ಬಾಗಿನ ತಗೊಳ್ಬೇಕು."

ಸಣ್ಣಸ್ವಾಮಿ ಜವರಯ್ಯನವರ ಕಡೆ ತಿರುಗಲೂ ಇಲ್ಲ. "ಯಜಮಾನ್ರು ಅಂದ್ಮೇಲೆ ಆಯ್ತು. ನಾನೇ ಕರ್ಕೊಂಡು ಬರ್ತೀನಿ," ಎಂದರು. ಆಮೇಲೆ ಚೀಲ ಬಿಚ್ಚಿ, ಹೆಣ್ಣಿನ ತಂದೆಗೆ ಹೊದಿಸಲೆಂದು ತಂದಿದ್ದ ಜರಿಯಂಚಿನ ಶಲ್ಯವನ್ನು ತೆಗೆದರು. ಅಭ್ಯಾಸಬಲದಿಂದ ಜವರಯ್ಯನವರು ಹೆಗಲು ಮುಂದೆ ಮಾಡಿದರು. ಶಲ್ಯ ಅವರ ಮೂಗಿನ ಮುಂದೆ ಹಾದುಹೋಗಿ ಸಿದ್ದಮ್ಮನವರ ಕೈ ಸೇರಿತು.

ಸಂಜೆ ಯಮುನಳನ್ನು ಕೂರಿಸಿಕೊಂಡ ಬಸ್ಸು ಸೇತುವೆ ದಾಟಿ ಮರೆಯಾಯಿತು. ನೆಂಟರು ಚೆದುರಿದರು. ಚಪ್ಪರದ ಕೆಳಗೆ ಒಂದೇ ಚಾಪೆಯ ಮೇಲೆ ಗಂಡಹೆಂಡತಿ ಇಬ್ಬರೇ ಕೂತಿದ್ದರು. ಮಗಳಿಲ್ಲದ ಮನೆಯೊಳಕ್ಕೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಜವರಯ್ಯನವರು ಮೈ ಮುದುರಿಕೊಂಡರು.

"ಗೌರಿ ಹಬ್ಬದ್ದು ನೀನು ಕೇಳಿದ್ದು ಒಳ್ಳೇದಾಯ್ತು," ಎಂದರು. "ಅವತ್ತು ನಂಗೂ ಮನಸ್ಸಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

ಸಿದ್ದಮ್ಮ ಪಕ್ಕದಲ್ಲಿಟ್ಟುಕೊಂಡಿದ್ದ ಶಲ್ಯವನ್ನು ಬಿಚ್ಚಿ, ಗಂಡನ ಹೆಗಲ ಸುತ್ತ ಹೊದಿಸಿ, ಎದೆಯ ಮೇಲೆ ಅಂಚನ್ನು ಸರಿಮಾಡಿದರು.

"ಹೊದ್ಕೊಳ್ಳಿ," ಎಂದರು. "ನೆನ್ನೆಯಿಂದ ಸತ್ತೂ ಬದುಕೀ ದಣಿದಿದೀರ."

ಜವರಯ್ಯನವರ ಕಣ್ಣು ಒದ್ದೆಯಾಯಿತು. ಜರಿಯ ಅಂಚನ್ನು ಬೆರಳಿನಿಂದ ಸವರಿದರು. ಎಷ್ಟಾದರೂ ಹೆಂಡತಿ, ಗಂಡನ ಮರ್ಯಾದೆಯನ್ನು ಗಂಡನಿಗೇ ತಂದೊಪ್ಪಿಸಿದಳು ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

ಸಿದ್ದಮ್ಮ ಎದ್ದು ಸೆರಗು ಕೊಡವಿ ಒಳಗೆ ಹೊರಟರು. ಹೊಸ್ತಿಲ ಹತ್ತಿರ ನಿಂತು ತಿರುಗಿ ನೋಡಿದರು.

"ಬೆಳಿಗ್ಗೆ ಮಡಿಸಿ ನನ್ ಪೆಟ್ಟಿಗೇಲಿಡಿ," ಎಂದರು. "ಅದು ನಂದು."